ಕೊಟ್ಟ ದುಡ್ಡಿಗೆ ಅನುಮತಿ ಪತ್ರ ಎಲ್ಲಿ, ಯಜಮಾನ್ರೇ?

ಕಚೇರಿಯವರು ಅರ್ಜಿ ತಿರಸ್ಕರಿಸಿ ಕಳಿಸಿದ ಕಾಗದವನ್ನು ಹರಿದು ಬಿಸಾಡುವ ದುರಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಅಂಥವರಿಗೆ ನೌಕರರ ಭವಿಷ್ಯ ನಿಧಿ (ಪಿಎಫ್) ಸಂಘಟನೆ 2022ರ ಡಿಸೆಂಬರ್ 29ರ ಸುತ್ತೋಲೆಯಲ್ಲಿ ತಕ್ಕ ಪಾಠ ಕಲಿಸಿತು. 2014ರ ಸೆಪ್ಟೆಂಬರ್ 1ಕ್ಕೆ ಮುಂಚೆ ನಿವೃತ್ತರಾದವರು ಪೂರ್ಣ ಸಂಬಳದ ಲೆಕ್ಕದಲ್ಲಿ ಪಿಂಚಣಿ ಬೇಕೆಂದು ಕೇಳಿದರೆ ಲಗತ್ತಿಸಬೇಕಾದ ದಾಖಲೆಗಳಲ್ಲಿ ಒಂದು, ಹಿಂದೆ ಇದನ್ನೇ ಕೇಳಿದಾಗ ಇದೇ ಇಲಾಖೆ 'ಸಾಧ್ಯವಿಲ್ಲ' ಎಂದು ಬರೆದುಕೊಟ್ಟ ಪತ್ರ! ಕೌಂಟರಿನಲ್ಲಿ ಬಾಯಿಮಾತಿನಲ್ಲೇ "ಆಗಲ್ಲ, ಹೋಗ್ರಿ" ಎಂದದ್ದನ್ನು ನಂಬಿ ಮನೆಗೆ ಬಂದ ಸಂಭಾವಿತರು ಅನರ್ಹರು. ಜಗಳ ಆಡಿ, ತಿರಸ್ಕಾರವನ್ನು ಸೀಲು ಹೊಡೆಸಿಕೊಂಡು ತಂದು ಟ್ರಂಕಿನಲ್ಲಿ ಇಟ್ಟವರಿಗಷ್ಟೇ ಆಸೆಗೆ ಜಾಗ.

ವಿಷಯ ಗೊತ್ತಿಲ್ಲದವರಿಗೆ ಚುಟುಕಾಗಿ: 1995ರ ನವೆಂಬರ್ 16ರಂದು ಬಂದ ನೌಕರರ ಪಿಂಚಣಿ ಯೋಜನೆಗೆ ಮಾಲೀಕರ ಪಾಲಿನಿಂದ ಸಂಬಳದ ಶೇ. 8.33 ಹೋಗುತ್ತದೆ. ಆದರೆ ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಒಂದು ಮಿತಿ. ಮೊದಲು 5,000, 2001ರಿಂದ 6,500, 2014ರ ಸೆಪ್ಟೆಂಬರ್‌ನಿಂದ 15,000 ರೂಪಾಯಿ. ನಿಮ್ಮ ಪಿಎಫ್ ಪಾಸ್‌ಬುಕ್ಕಿನ ಪಿಂಚಣಿ ಅಂಕಣದಲ್ಲಿ ತಿಂಗಳು ತಿಂಗಳು 1,250 ಎಂದು ಬಿದ್ದಿದ್ದರೆ ನೀವು ಮಿತಿಯೊಳಗಿನ ಬಡಪಾಯಿ. ಪಿಂಚಣಿ ಎಂದರೆ ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದ್ದು. 15,000ದ ಮಿತಿಯಲ್ಲಿ 35 ವರ್ಷ ದುಡಿದರೂ 7,500. ತುಟ್ಟಿಭತ್ಯೆ ಇಲ್ಲ. ತೀರಾ ಕಡಿಮೆಯಾದರೆ 1,000 ರೂಪಾಯಿ ಖಾತ್ರಿ. ಈ ಖಾತ್ರಿ 2014ರದು.

2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್, ಮಿತಿ ಮೀರಿದ ಸಂಬಳದ ಮೇಲೆ ಪಿಎಫ್ ಕಟ್ಟುತ್ತಿದ್ದವರಿಗೆ ಹಳೆಯ ವಂತಿಗೆಯ ವ್ಯತ್ಯಾಸ ತುಂಬಿ ಪಿಂಚಣಿ ಏರಿಸಿಕೊಳ್ಳಲು ಇನ್ನೊಂದು ಅವಕಾಶ ಕೊಟ್ಟಿತು. ನಾಲ್ಕು ತಿಂಗಳು ಗಡುವು. ಅಲ್ಲಿಂದ ಶುರುವಾಯಿತು ನೋಡಿ ಪಿಎಫ್ ಯೋಜನೆಯ ಕಲಂ 26(6)ರ ಪುರಾಣ.

ಮಿತಿಗಿಂತ ಹೆಚ್ಚಿನ ಸಂಬಳದ ಮೇಲೆ ಪಿಎಫ್ ಕಟ್ಟಬೇಕಾದರೆ ನೌಕರ, ಮಾಲೀಕ ಇಬ್ಬರೂ ಸಹಿ ಹಾಕಿ ಪಿಎಫ್ ಅಧಿಕಾರಿಯ ಅನುಮತಿ ಪಡೆಯಬೇಕೆಂದು ಆ ಕಲಂ ಹೇಳುತ್ತದೆ. ಹೇಳುತ್ತದೆ, ಅಷ್ಟೇ. ಕಾರ್ಖಾನೆಗಳು ಪೂರ್ತಿ ಸಂಬಳದ ಮೇಲೆ ಹಣ ಕಳಿಸಿದವು. ಇಲಾಖೆ ತೆಗೆದುಕೊಂಡಿತು. ಅದರ ಮೇಲೆ ಆಡಳಿತ ವೆಚ್ಚವನ್ನೂ ವಸೂಲು ಮಾಡಿತು, ವರ್ಷ ವರ್ಷ ಬಡ್ಡಿ ಬರೆದು ಚೀಟಿ ಕಳಿಸಿತು. ಈಗ ಅರ್ಜಿ ಹಾಕಿದರೆ, "ನಾವು ನಿಮ್ಮ ದುಡ್ಡು ತೆಗೆದುಕೊಳ್ಳಬಹುದು ಎಂದು ನಾವೇ ಕೊಟ್ಟ ಅನುಮತಿಯ ಪ್ರತಿ ತನ್ನಿ." ಇಪ್ಪತ್ತು ವರ್ಷ ವರ್ತನೆ ಹಾಲು ಹಾಕಿಸಿಕೊಂಡು ಕಾಸಿ ಕುಡಿದವರು, ಹಾಲು ಹಾಕಲು ನಿನಗೆ ಯಾರಪ್ಪಾ ಹೇಳಿದ್ದು ಎಂದು ಕೇಳಿದ ಹಾಗೆ. ಕೇರಳ ಹೈಕೋರ್ಟ್ 2023ರ ಏಪ್ರಿಲ್‌ನಲ್ಲಿ ಆ ಪ್ರತಿಗೆ ಪಟ್ಟು ಹಿಡಿಯದೆ ಅರ್ಜಿ ತೆಗೆದುಕೊಳ್ಳಿ ಎಂದ ಮೇಲೆ, ಜೂನ್‌ನಲ್ಲಿ ಇಲಾಖೆ ಬೇರೆ ಪುರಾವೆಗಳಿಗೂ ಬಾಗಿಲು ತೆರೆಯಿತು.

ಪುರಾವೆಯ ಹಿಂದೆಯೇ ಸಂಬಳದ ವಿವರ. 1995ರ ನವೆಂಬರ್‌ನಿಂದ ತಿಂಗಳುವಾರು. 2014ರ ಆಗಸ್ಟ್‌ವರೆಗೇ 226 ಸಾಲು. ಇದೇ ಅಂಕಿಗಳನ್ನು ಕಂಪನಿಗಳು ಫಾರಂ 3ಎ, 6ಎ ಎಂದು ಪ್ರತಿವರ್ಷ ಇದೇ ಇಲಾಖೆಗೆ ಕೊಟ್ಟಿದ್ದವು. ಇರಲಿ, ಇಲಿಗಳಿಗೂ ಆಹಾರ ಬೇಕಲ್ಲ. ಪೀಣ್ಯದ ಕಾರ್ಖಾನೆಯೊಂದು ಬಾಗಿಲು ಹಾಕಿ ಹದಿನೈದು ವರ್ಷವಾಗಿ ಅಲ್ಲೀಗ ಅಪಾರ್ಟ್‌ಮೆಂಟ್ ಎದ್ದಿದ್ದರೆ ಮಾಲೀಕರ ಡಿಜಿಟಲ್ ಸಹಿಯನ್ನು ಹಾಕುವವರು ಯಾರು, ವಾಚ್‌ಮನ್ನೇ? ಆಧಾರ್‌ನಲ್ಲಿ ಊರು, ಅಪ್ಪನ ಹೆಸರಿನ ಇನಿಷಿಯಲ್ ಮುಂದಿದ್ದು ಪಿಎಫ್ ಖಾತೆಯಲ್ಲಿ ಹಿಂದಿದ್ದರೆ ಪೋರ್ಟಲ್‌ಗೆ ನೀವು ಯಾರೋ ಅಪರಿಚಿತರು. ಮೊದಲು ಆ ತಿದ್ದುಪಡಿ ಮುಗಿಸಿ.

ಗಡುವಿನ ವಿಷಯದಲ್ಲಿ ಮಾತ್ರ ಇಲಾಖೆಯ ಹೃದಯ ವಿಶಾಲ, ಅದೂ ಮುಖ ನೋಡಿ. ನೌಕರರಿಗೆ 2023ರ ಮೇ 3, ಜೂನ್ 26, ಕೊನೆಗೆ ಜುಲೈ 11. ಅಲ್ಲಿಗೆ ಬಾಗಿಲು ಬಂದ್. ಸಂಬಳದ ವಿವರ ತುಂಬಬೇಕಾದ ಮಾಲೀಕರಿಗೆ 2023ರ ಸೆಪ್ಟೆಂಬರ್, ಡಿಸೆಂಬರ್, 2024ರ ಮೇ, ಆಮೇಲೆ 2025ರ ಜನವರಿ 31. ಬಂದ 17.49 ಲಕ್ಷ ಅರ್ಜಿಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಆಗಲೂ ಕಂಪನಿಗಳ ಟೇಬಲ್ ಮೇಲೇ ಮಲಗಿದ್ದವು.

ಇಷ್ಟೆಲ್ಲ ದಾಟಿದ ಪುಣ್ಯವಂತರಿಗೆ ಡಿಮ್ಯಾಂಡ್ ನೋಟಿಸ್. 2014ರಲ್ಲಿ ನಿಮ್ಮ ಸಂಬಳ 40,000 ಎಂದಿಟ್ಟುಕೊಳ್ಳಿ. ಶೇ. 8.33 ಎಂದರೆ 3,332. ಆಗಲೇ ಹೋಗಿರುವ 1,250 ಕಳೆದರೆ 2,082. ಇದರ ಜತೆ 15,000 ಮೀರಿದ ಭಾಗದ ಮೇಲೆ ಪಿಂಚಣಿಗೆಂದು ಶೇ. 1.16 ಹೆಚ್ಚುವರಿ ವಂತಿಗೆ, ಅಂದರೆ 290. ಒಂದು ತಿಂಗಳ ಬಾಕಿ 2,372. ಪಿಎಫ್ ದರದಲ್ಲಿ ಚಕ್ರಬಡ್ಡಿ ಸೇರಿ ಹತ್ತು ವರ್ಷಕ್ಕೆ ಅದು 5,000 ದಾಟುತ್ತದೆ. ಹೀಗೆ ಒಂದೊಂದೇ ತಿಂಗಳು ಕೂಡಿಸುತ್ತ ಹೋಗಿ. ಸೇವೆಯಲ್ಲಿರುವವರಿಗೆ ಪಿಎಫ್ ಖಾತೆಯಿಂದಲೇ ಮುರಿಯುತ್ತಾರೆ. ಪಿಎಫ್ ತೆಗೆದು ಮಗಳ ಮದುವೆ ಮಾಡಿದವರು ಮೂರು ತಿಂಗಳೊಳಗೆ ಲಕ್ಷಗಟ್ಟಲೆ ಹೊಂದಿಸಬೇಕು.

ಆ ಶೇ. 1.16ರದ್ದೇ ಒಂದು ಕೈಚಳಕ. ಇದನ್ನು ನೌಕರನ ಮೇಲೆ ಹೇರುವಂತಿಲ್ಲ ಎಂದಿತು ಕೋರ್ಟ್. ಅಪ್ಪಣೆ, ಎಂದು 2023ರ ಮೇ 3ರ ಅಧಿಸೂಚನೆ ಅದನ್ನು ಮಾಲೀಕರ ಶೇ. 12ರ ಪಾಲಿನಿಂದ ತೆಗೆಯಿತು. ತೆಗೆಯದಿದ್ದರೆ ಆ ಹಣ ಎಲ್ಲಿಗೆ ಹೋಗುತ್ತಿತ್ತು? ನಿಮ್ಮ ಪಿಎಫ್ ಖಾತೆಗೆ. ಒಟ್ಟಿನಲ್ಲಿ ಕೋರ್ಟಿನ ಮಾತೂ ನಡೆಯಿತು, ನಿಮ್ಮ ಜೇಬೂ ಹಗುರಾಯಿತು.

ಕಟ್ಟುವ ಮೊದಲು ಒಂದು ಭಾಗಾಕಾರ ಮಾಡಿ. 15 ಲಕ್ಷ ಕಟ್ಟಿ ತಿಂಗಳಿಗೆ 12,000 ಹೆಚ್ಚು ಬಂದರೆ ಅಸಲು ಕೈಸೇರಲು ಹತ್ತು ವರ್ಷ ಐದು ತಿಂಗಳು. ಅಷ್ಟರೊಳಗೆ ಕಣ್ಣು ಮುಚ್ಚಿದರೆ ಹೆಂಡತಿಗೆ ಅರ್ಧ ಪಿಂಚಣಿ, ಗಂಟು ವಾಪಸಿಲ್ಲ. ಲೆಕ್ಕ ಗಿಟ್ಟಬೇಕಾದರೆ ವರ್ಷಕ್ಕೊಮ್ಮೆ 'ಬದುಕಿದ್ದೇನೆ' ಎಂಬ ಜೀವನ ಪ್ರಮಾಣ ಪತ್ರಕ್ಕೆ ಬೆರಳೊತ್ತುತ್ತ ಗಟ್ಟಿಮುಟ್ಟಾಗಿ ಇರಬೇಕು. ಲೇತ್ ಮೆಷಿನ್ನಿನಲ್ಲಿ ಬೆರಳ ಗೆರೆ ಸವೆಸಿಕೊಂಡವರಿಗೆ ಮುಖ ತೋರಿಸುವ ಆ್ಯಪ್ ಇದೆ.

ನಿವೃತ್ತರಿಗೆ ಪಿಂಚಣಿಯ ಹಿಂಬಾಕಿಯೂ ಬರಬೇಕಲ್ಲ, ನಾವು ಕಟ್ಟಬೇಕಾದದ್ದರಲ್ಲಿ ಅದನ್ನು ವಜಾ ಮಾಡಿಕೊಳ್ಳಬಹುದಲ್ಲ ಎಂದು ಯಾರಾದರೂ ಕೇಳಿಯಾರು. ಆಗದು. ಮೊದಲು ನೀವು ಬಡ್ಡಿ ಸಮೇತ ಕಟ್ಟಬೇಕು. ಅವರದು ಆಮೇಲೆ, ಟಿಡಿಎಸ್ ಮುರಿದುಕೊಂಡು.