ತಂತಾವಿಯ ಚಹಾ

ಅರಬ್ಬೀ ಸಣ್ಣಕಥೆಗಳ ಸಂಕಲನವನ್ನು ತೆರೆದರೆ ಸಾಕು, ಬಾಗಿಲಲ್ಲೇ ಒಬ್ಬ ಮುನ್ನುಡಿಕಾರರು ಕುಳಿತಿರುತ್ತಾರೆ. ‘ರಾಷ್ಟ್ರೀಯ ಅಸ್ಮಿತೆ’, ‘ಸಾಮಾಜಿಕ ಸ್ಥಿತ್ಯಂತರ’ ಎಂಬ ಎರಡು ಸುಂಕಗಳನ್ನು ತೆತ್ತಲ್ಲದೆ ಅವರು ಯಾರನ್ನೂ ಒಳಕ್ಕೆ ಬಿಡುವುದಿಲ್ಲ. ಕಥೆಯಲ್ಲಿ ಹೆಂಗಸು ಬಂದರೆ ಅವಳು ತಾಯ್ನಾಡು, ಹಣ್ಣು ಬಂದರೆ ಅದು ಕಳೆದುಕೊಂಡ ನೆಲ. ಪ್ಯಾಲೆಸ್ತೀನಿನ ಕಥೆಗಾರ ಘಸ್ಸಾನ್ ಕನಫಾನಿಯವರ ಕಥೆಯೊಂದರ ಕಿತ್ತಳೆಯ ಮಟ್ಟಿಗೆ ನಾನೂ ಒಪ್ಪುತ್ತೇನೆ. 1948ರಲ್ಲಿ ಪ್ಯಾಲೆಸ್ತೀನನ್ನು ಬಿಟ್ಟು ಹೊರಟ ತಂದೆಯೊಬ್ಬ, ದಾರಿಯಲ್ಲಿ ಕೊಂಡ ಹಣ್ಣನ್ನು ಕೈಯಲ್ಲಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತಮೇಲೆ ಅದನ್ನು ಬರಿಯ ಹಣ್ಣೆನ್ನಲು ಬಾಯಿ ಬಾರದು.

ನನ್ನ ತಕರಾರಿರುವುದು ಇನ್ನೊಂದು ಕಥೆಯ ಅಬ್ದುಲ್ ಕರೀಮನ ಪರವಾಗಿ. ವೈದ್ಯರೂ ಆಗಿದ್ದ ಈಜಿಪ್ಟಿನ ಕಥೆಗಾರ ಯೂಸುಫ್ ಇದ್ರೀಸ್ ಅವರ ಮೊದಲ ಸಂಕಲನ 1954ರಲ್ಲಿ, ದೊರೆ ಫಾರೂಕ್ ಈಜಿಪ್ಟಿನ ಸಿಂಹಾಸನ ಬಿಟ್ಟಿಳಿದ ಎರಡು ವರ್ಷಕ್ಕೆ, ಹೊರಬಂತು. ಅದರ ‘ಅತಿ ಅಗ್ಗದ ರಾತ್ರಿಗಳು’ ಕಥೆಯಲ್ಲಿ ಹಳ್ಳಿಗ ಅಬ್ದುಲ್ ಕರೀಮ ರಾತ್ರಿಯ ನಮಾಜು ಮುಗಿಸಿ ಹೊರಬೀಳುತ್ತಲೇ ಕಾವಲುಗಾರ ತಂತಾವಿಯ ಪೂರ್ವಜರನ್ನೆಲ್ಲ ಜಾಲಾಡಲು ತೊಡಗುತ್ತಾನೆ. ಕಾರಣ, ತಂತಾವಿ ಕುಡಿಸಿದ ಕಡುಕಪ್ಪು ಚಹಾ. ನಿದ್ದೆ ಹಾರಿಹೋಗಿದೆ, ಓಣಿಯ ತುಂಬ ಮಕ್ಕಳು ಕಾಲಿಗೆ ತೊಡರುತ್ತಿವೆ, ಕಾಫಿ ಅಂಗಡಿಗೆ ಹೋಗೋಣವೆಂದರೆ ಜೇಬಿನಲ್ಲಿ ಕಾಸಿಲ್ಲ. ಎಲ್ಲಿಗೆ ಹೋಗಲಿ ಎಂದು ಲೆಕ್ಕ ಹಾಕಿ ಹಾಕಿ ಸೋತು ಮನೆಗೇ ಮರಳಿ, ಕತ್ತಲಲ್ಲಿ ಮಲಗಿದ ಮಕ್ಕಳನ್ನು ದಾಟಿಕೊಂಡು ಹೋಗಿ ಹೆಂಡತಿಯನ್ನು ಎಬ್ಬಿಸುತ್ತಾನೆ. ತಿಂಗಳುಗಳ ತರುವಾಯ ಮತ್ತೊಂದು ಗಂಡುಮಗು ಹುಟ್ಟಿದ ಸುದ್ದಿ ಬರುತ್ತದೆ. ಓಣಿಯಲ್ಲಿ ಮುತ್ತುವ ಈ ಮಕ್ಕಳೆಲ್ಲ ಯಾವ ತೂತಿನಿಂದ ಉದುರುತ್ತವೆ ಎಂಬುದು ಮಾತ್ರ ಅವನಿಗೆ ವರ್ಷಗಳು ಕಳೆದರೂ ತಿಳಿಯುವುದಿಲ್ಲ.

ಇದರಲ್ಲಿ ಬಡತನವಿದೆ, ಜನಸಂಖ್ಯೆಯ ಸಮಸ್ಯೆಯಿದೆ, ಆದ್ದರಿಂದ ರಾಷ್ಟ್ರವೂ ಇದೆ ಎನ್ನುವರು. ಇರಬಹುದು. ನನಗೆ ಕಾಣುವುದು ಆ ಚಹಾ ಮಾತ್ರ. ಅದು ತುಸು ತೆಳ್ಳಗಿದ್ದಿದ್ದರೆ ಈಜಿಪ್ಟಿನ ಜನಗಣತಿಯಲ್ಲಿ ಒಂದು ತಲೆ ಕಡಿಮೆಯಾಗುತ್ತಿತ್ತು. ನಿದ್ದೆಗೆಟ್ಟ ಆ ಹೆಂಡತಿಯ ಅಸ್ಮಿತೆಯೇನು ಎಂದು ಕೇಳುವ ಪುರುಸೊತ್ತು ಮುನ್ನುಡಿಕಾರರಿಗೆ ಇದ್ದಂತಿಲ್ಲ.

ಸಂಬಂಧಪಟ್ಟವರನ್ನು ಕೇಳದೆ ಅವರ ಬಗ್ಗೆ ತೀರ್ಪು ಕೊಡುವ ಈ ಚಾಳಿ ಹೊಸದೇನಲ್ಲ. ಈಜಿಪ್ಟಿನವರೇ ಆದ ಮುಹಮ್ಮದ್ ತೈಮೂರರ 1917ರ ‘ರೈಲಿನಲ್ಲಿ’ ಕಥೆಯಲ್ಲಿ, ರೈತರ ಮಕ್ಕಳಿಗೆ ವಿದ್ಯೆ ಬೇಕೇ ಎಂಬ ಬಗ್ಗೆ ಡಬ್ಬಿಯಲ್ಲಿ ಕುಳಿತವರು ವಾದಕ್ಕಿಳಿಯುತ್ತಾರೆ. ಕಾಕಸಸ್ ಮೂಲದ ಸರ್ಕಾಸಿಯನ್ ಗೃಹಸ್ಥ ರೈತರಿಗೆ ಚಾವಟಿಯೇ ಮದ್ದೆನ್ನುತ್ತಾನೆ, ವಿದ್ಯಾರ್ಥಿ ಸಿಡಿಯುತ್ತಾನೆ. ನೇಗಿಲು ಹಿಡಿಯುವವನೊಬ್ಬನೂ ಆ ಡಬ್ಬಿಯಲ್ಲಿಲ್ಲ. ನಮ್ಮ ಮುನ್ನುಡಿಕಾರರಿಗಾದರೋ ಅಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕೀತು. ಅಬ್ದುಲ್ ಕರೀಮನ ಬಳಿ ಟಿಕೆಟ್ಟಿಗೂ ಕಾಸಿಲ್ಲ.