ತೀಜ್ ಹಬ್ಬ ನಡೆಯುವುದು ನಮ್ಮ ವಿಡಿಯೊಗಾಗಿ ಅಲ್ಲ

ಚಿಂಚೋಳಿ ತಾಲ್ಲೂಕಿನ ಲಂಬಾಣಿ ತಾಂಡಾವೊಂದರಲ್ಲಿ ತೀಜ್ ಹಬ್ಬದ ಕೊನೆಯ ದಿನ ಕಂಡದ್ದನ್ನು ಬರೆಯದೆ ಇರಲಾಗುತ್ತಿಲ್ಲ. ಗೋಧಿ ಸಸಿಯ ಬುಟ್ಟಿಗಳನ್ನು ಹೊತ್ತು ಹಳ್ಳದ ಕಡೆಗೆ ಹೊರಟಿದ್ದ ಹುಡುಗಿಯರನ್ನು, ನಗರದಿಂದ ಕಾರಿನಲ್ಲಿ ಬಂದಿದ್ದ ಗುಂಪೊಂದು ಅಡ್ಡಗಟ್ಟಿ, ವಿಡಿಯೊ ಸರಿಯಾಗಿ ಬಂದಿಲ್ಲ, ಹಿಂದಕ್ಕೆ ಹೋಗಿ ಮತ್ತೊಮ್ಮೆ ನಡೆದು ಬನ್ನಿ ಎಂದು ಕೇಳಿತು. ಅವರಲ್ಲೊಬ್ಬರು ಸೀರೆಯುಟ್ಟಿದ್ದ ಹಿರಿಯ ಯಾಡಿ (ತಾಯಿ) ಒಬ್ಬರನ್ನು, "ನೀವೇಕೆ ಲಂಬಾಣಿ ಉಡುಪು ಹಾಕಿಕೊಂಡಿಲ್ಲ?" ಎಂದು ಗದರಿದಂತೆಯೇ ಪ್ರಶ್ನಿಸಿದರು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ತಾಂಡಾ ಶಾಲೆಯಲ್ಲಿ ಪಾಠ ಮಾಡಿದವನು ನಾನು. ಆ ಮೆರವಣಿಗೆ ಎರಡನೆಯ ಸಲ ನಡೆಯುವಂಥದ್ದಲ್ಲ. ಶ್ರಾವಣದಲ್ಲಿ ಮದುವೆಯಾಗದ ಹುಡುಗಿಯರು ಬುಟ್ಟಿಗಳಿಗೆ ಮಣ್ಣು, ಗೊಬ್ಬರ ತುಂಬಿ ಗೋಧಿ ಬಿತ್ತುತ್ತಾರೆ. ಉಪ್ಪು ಖಾರ ಬಿಟ್ಟು ಊಟ ಮಾಡುತ್ತಾ, ದಿನವೂ ನೀರೆರೆದು, ಸುತ್ತುಗಟ್ಟಿ ಹಾಡಿ ಕುಣಿದು ಸಸಿಯನ್ನು ಸಾಕುತ್ತಾರೆ. ನೆನೆದ ಕಡಲೆಯನ್ನು ಬೋರೆಯ ಮುಳ್ಳುಗಳಿಗೆ ಚುಚ್ಚುವಾಗ ಹುಡುಗರು ಟೊಂಗೆಯನ್ನು ಅಲುಗಾಡಿಸಿ ಕಾಡುತ್ತಾರೆ, ಇಡೀ ತಾಂಡಾ ನಗುತ್ತದೆ. ಕೊನೆಯ ದಿನ ಒಂದಿಷ್ಟು ಸಸಿಯನ್ನು ಹಿರಿಯರ ರುಮಾಲಿಗೆ ಸಿಕ್ಕಿಸಿ, ಉಳಿದದ್ದನ್ನು ನೀರಿಗೆ ಬಿಡುವಾಗ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಾರೆ. ಬರುವ ಶ್ರಾವಣದೊಳಗೆ ಮದುವೆಯಾಗುವವಳಿಗೆ ಈ ಬುಟ್ಟಿ ಮತ್ತೆ ಇಲ್ಲ. ಅಂಥ ಅಳುವನ್ನು ತಡೆದು ನಿಲ್ಲಿಸಿ, ಕ್ಯಾಮೆರಾ ಸಿದ್ಧವಾದ ಮೇಲೆ ಮುಂದುವರಿಸಿ ಎನ್ನಲು ಯಾರಿಗಾದರೂ ಮನಸ್ಸು ಹೇಗೆ ಬರುತ್ತದೆ?

ಇದನ್ನು ಆ ಗುಂಪು ತಾನಾಗಿಯೇ ಕಲಿತದ್ದಲ್ಲ. ನಮ್ಮ ಕಲಬುರಗಿಯಲ್ಲಿ ಗಣ್ಯರು ಬಂದಾಗಲೆಲ್ಲ ಲಂಬಾಣಿ ಲಂಗ, ಕುಪ್ಪಸಗಳಾದ ಫೇಟಿಯಾ, ಕಾಂಚಳಿ ತೊಟ್ಟ ಹೆಣ್ಣುಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ ಕುಣಿಸುವುದನ್ನು ನಾವೆಲ್ಲರೂ ನೋಡುತ್ತಲೇ ಬಂದಿದ್ದೇವೆ. ಸ್ವಾಗತಕ್ಕೆ ಅವರ ಕುಣಿತ ಬೇಕಿತ್ತು. ಆದರೆ ಕಲಬುರಗಿ, ಬೀದರ್, ಯಾದಗಿರಿ ಸೇರಿದಂತೆ ಐದು ಜಿಲ್ಲೆಗಳ ತಾಂಡಾಗಳ ಸುಮಾರು 50 ಸಾವಿರ ಕುಟುಂಬಗಳಿಗೆ, ತಾವು ವಾಸವಿದ್ದ ಮನೆಯ ಹಕ್ಕುಪತ್ರ ಕೊಡುವ ಸಮಾರಂಭ ಮಳಖೇಡದಲ್ಲಿ ನಡೆಯಲು 2023ರ ಜನವರಿಯೇ ಬರಬೇಕಾಯಿತು. ಉಡುಪನ್ನು ಮಾತ್ರ ನೋಡಿ ಉಟ್ಟವರನ್ನು ನೋಡದ ಅಭ್ಯಾಸ ಮೊದಲು ನಮ್ಮದು, ಪ್ರವಾಸಿಗರದು ಆಮೇಲಿನದು.

ಪ್ರವಾಸಿಗರು ಬಂದರೆ ತಾಂಡಾಕ್ಕೆ ನಾಲ್ಕು ಕಾಸು ಬರುತ್ತದೆ, ಕಲೆ ಉಳಿಯುತ್ತದೆ ಎಂದು ಗೆಳೆಯರೊಬ್ಬರು ವಾದಿಸಿದರು. ಯಾವ ಕಾಸು? ಅಂದು ಬಂದವರು ಚಹಾ ಕುಡಿದು, ಕನ್ನಡಿ ಕಸೂತಿಯ ಚೀಲವೊಂದಕ್ಕೆ ಅರ್ಧ ಬೆಲೆಗೆ ಚೌಕಾಸಿ ಮಾಡಿ, ಕೊಳ್ಳದೆ ಹೋದರು. ಆ ಹೊಲಿಗೆ ಬಿಡುವಿನ ವೇಳೆಯಲ್ಲಿ ಎಳೆ ಎಳೆಯಾಗಿ ಕೈಯಿಂದಲೇ ಆಗುವ ಕೆಲಸ. ಬಿತ್ತುವ ಹುಡುಗಿಯರು ಇರುವವರೆಗೆ ತೀಜ್ ಇರುತ್ತದೆ. ಮನೆಗೆ ಬೀಗ ಹಾಕಿ ಮುಂಬೈ, ಪುಣೆಗೆ ದುಡಿಯಲು ಹೋಗುವ ಕುಟುಂಬಗಳು ಹೆಚ್ಚಾದಷ್ಟೂ ಅದು ಕುಂದುತ್ತದೆ. ನಮ್ಮ ವಿಡಿಯೊಗಳಿಂದ ಅದರಲ್ಲಿ ಏನೂ ಬದಲಾಗದು.

ಹೊರಗಿನವರು ಬರಲೇಬಾರದೆಂದು ನಾನು ಹೇಳುತ್ತಿಲ್ಲ. ಲಂಬಾಣಿಗರ ನುಡಿಯಾದ ಗೋರ್ ಬೋಲಿಯ ಹಾಡುಗಳಲ್ಲಿ ಅರ್ಧದಷ್ಟು ನನಗೂ ಅರ್ಥವಾಗುವುದಿಲ್ಲ, ಆದರೂ ಆ ದನಿ ಕೇಳುತ್ತಾ ಇಡೀ ರಾತ್ರಿ ಕುಳಿತಿರುವುದು ನನಗೆ ಬಹಳ ಪ್ರಿಯ. ಮುಂದಿನ ಶ್ರಾವಣಕ್ಕೆ ಬರಬೇಕೆನ್ನುವ ಗೆಳೆಯರು ಮೊದಲೇ ತಿಳಿಸಿ. ತಾಂಡಾದ ನಾಯಕರನ್ನೂ ಹುಡುಗಿಯರ ತಾಯಂದಿರನ್ನೂ ಕೇಳಿ ಹೇಳುತ್ತೇನೆ. ಅವರು ಬೇಡವೆಂದರೆ ಬರುವುದು ಬೇಡ.