ಸುಟ್ಟ ಹುಲ್ಲು, ಕೂಳೆ ಕಬ್ಬು

ಏಪ್ರಿಲ್ ಎರಡನೇ ವಾರ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದ್ದೆ. ನನ್ನ ಹಿಂದೆ ಗುಡ್ಡದ ಸಾಲು ಉದ್ದಕ್ಕೂ ಉರಿಯುತ್ತಿತ್ತು. "ಅಯ್ಯೋ, ಅದೇನೋ ಮಗ ಬೆಂಕಿ? ಯಾರಿಗಾದ್ರೂ ಫೋನ್ ಮಾಡೋ" ಎಂದು ಗಾಬರಿಯಾದಳು. "ಫೋನ್ ಮಾಡಿಯೇ ಹಚ್ಚಿರೋದು ಕಣಮ್ಮ" ಎಂದೆ. ನಂಬಲಿಲ್ಲ. ನಿಜಕ್ಕೂ ಇಲ್ಲಿ ಹುಲ್ಲುಗಾವಲಿಗೆ ಬೆಂಕಿ ಇಡುವ ಮುಂಚೆ ಕೌಂಟಿಯವರಿಗೆ (ನಮ್ಮ ಜಿಲ್ಲಾಡಳಿತ ಇದ್ದ ಹಾಗೆ) ಫೋನ್ ಮಾಡಿ ಹೇಳಬೇಕು. ಗಾಳಿ ಜಾಸ್ತಿ ಇದ್ದರೆ ಇವತ್ತು ಬೇಡ ಎನ್ನುತ್ತಾರೆ.

ನಾನಿರುವುದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಮ್ಯಾನ್‌ಹಟನ್ ಎಂಬ ಊರಿನಲ್ಲಿ. ನ್ಯೂಯಾರ್ಕಿನ ಮ್ಯಾನ್‌ಹಟನ್ ಅಲ್ಲ. ಊರಲ್ಲಿ ಸುಮಾರು ಜನ ಅದೇ ಅಂದುಕೊಂಡಿದ್ದಾರೆ, ನಾನೂ ತಿದ್ದಲು ಹೋಗಿಲ್ಲ. ಸುತ್ತ ಇರುವುದು ಫ್ಲಿಂಟ್ ಹಿಲ್ಸ್ ಗುಡ್ಡಗಳು. ನೆಲದ ತುಂಬ ಕಲ್ಲು, ನೇಗಿಲು ಇಳಿಯಲಿಲ್ಲ, ಅದಕ್ಕೇ ಹುಲ್ಲು ಉಳಿಯಿತು. ಒಂದು ಕಾಲಕ್ಕೆ ಈ ದೇಶದ ನಡುಭಾಗದಲ್ಲೆಲ್ಲ ಹಬ್ಬಿದ್ದ ಎತ್ತರದ ಹುಲ್ಲುಗಾವಲಿನಲ್ಲಿ ಈಗ ನೂರಕ್ಕೆ 4 ಪಾಲು ಉಳಿದಿದ್ದರೆ ಹೆಚ್ಚು. ಅದರಲ್ಲಿ ದೊಡ್ಡ ತುಂಡು ಇದೇ.

ದನ ಸಾಕುವ ಪರಿಚಯದವರೊಬ್ಬರು ಜನ ಸಾಲುತ್ತಿಲ್ಲ, ಬಾ ಎಂದು ಹೋದ ವರ್ಷ ಕರೆದಿದ್ದರು. ನನ್ನ ಕೈಗೆ ಕೊಟ್ಟಿದ್ದು ಉದ್ದನೆ ಕೋಲಿಗೆ ರಬ್ಬರ್ ಹಾಳೆ ಸಿಕ್ಕಿಸಿದ ಬಡಿಗೆ. ಗಡಿ ದಾಟಿದ ಉರಿಯನ್ನು ಅದರಲ್ಲಿ ಬಡಿದು ಆರಿಸಬೇಕು. ಮೊದಲು ಗಾಳಿ ಬೀಸಿ ಹೋಗುವ ಕಡೆಯ ಅಂಚಿಗೆ ಬೆಂಕಿ ಇಟ್ಟರು. ಅದು ಗಾಳಿಗೆ ಎದುರಾಗಿ ತೆವಳಬೇಕು, ಹಾಗಾಗಿ ಮೊಣಕಾಲೆತ್ತರ ಉರಿಯುತ್ತ ನಿಧಾನವಾಗಿ ಸಾಗಿತು. ಆ ಅಂಚು ಅಗಲವಾಗಿ ಕಪ್ಪಾದ ಮೇಲೆಯೇ ಗಾಳಿ ಬರುವ ಕಡೆಯಿಂದ ಹಚ್ಚಿದ್ದು. ಆಗ ನೋಡಬೇಕಿತ್ತು. ಆಳೆತ್ತರದ ಉರಿ, ರೈಲು ಬಂದ ಹಾಗೆ ಸದ್ದು. ಕಪ್ಪು ಪಟ್ಟಿ ಮುಟ್ಟಿದ್ದೇ ತಡ, ತಿನ್ನಲು ಏನೂ ಸಿಗದೆ ಆರಿಹೋಯಿತು. ಗದ್ದೆಗೆ ನೀರು ತಿರುಗಿಸಿದಷ್ಟೇ ಸಲೀಸಾಗಿ ಆ ಮನುಷ್ಯ ಬೆಂಕಿ ತಿರುಗಿಸಿದರು. ನನ್ನ ಬಡಿಗೆಗೆ ಕೆಲಸವೇ ಬೀಳಲಿಲ್ಲ.

ಹತ್ತು ದಿನ ಬಿಟ್ಟು ಮತ್ತೆ ಹೋದೆ. ನೆಲ ಕಾವಲಿಯ ತಳದ ಹಾಗೆ ಕಪ್ಪು. ಕೂತು ನೋಡಿದರೆ ಬುಡಬುಡದಲ್ಲೂ ಹಸಿರು ಸೂಜಿ. ಚಾಕುವಿನಲ್ಲಿ ಒಂದು ಬುಡ ಕೆದಕಿದೆ. ಮೇಲಿನ ಕೂಳೆ ಕರಕಲು, ಮುಟ್ಟಿದರೆ ಪುಡಿ. ಎರಡು ಬೆರಳು ಕೆಳಗೆ ಮಣ್ಣು ತಣ್ಣಗೆ, ಅದರೊಳಗೆ ಗರಿಕೆಯ ಹಾಗೆ ಅಡ್ಡಡ್ಡ ಹರಿದ ಬೇರುಕಾಂಡ. ಗೆಣ್ಣಿನಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗಿನ ಮೊಗ್ಗು. ಉರಿ ಇದರ ತಲೆ ಮೇಲೆ ಹೋಗಿತ್ತು ಅಷ್ಟೇ.

ಕಬ್ಬು ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಟಾವಾದ ಮೇಲೆ ತರಗು ಸುಟ್ಟರೂ ಕೂಳೆ ಕಬ್ಬು ಚಿಗುರಿಕೊಂಡು ಬರುತ್ತದೆ, ಅಲ್ವಾ? (ತರಗು ಸುಡಬೇಡಿ ಎಂದು ಕೃಷಿ ತಿಳಿದವರು ಹೇಳುವುದು ಸರಿಯೇ, ಅದು ಬೇರೆ ಮಾತು.) ಇಲ್ಲಿನ ಮುಖ್ಯ ಹುಲ್ಲು ಬಿಗ್ ಬ್ಲೂಸ್ಟೆಮ್. ಅದು ನಮ್ಮ ಕಬ್ಬು, ಜೋಳಗಳ ದಾಯಾದಿಯೇ. ಹೊಸ ಚಿಗುರೆಲ್ಲ ಹೆಚ್ಚುಕಡಿಮೆ ನೆಲದೊಳಗಿನ ಮೊಗ್ಗಿನಿಂದ ಬರುತ್ತದೆ, ಬೀಜದಿಂದ ಬರುವುದು ತೀರ ಕಡಿಮೆ.

ಬೂದಿ ಗೊಬ್ಬರವಾಗಿ ಹುಲ್ಲು ಚೆನ್ನಾಗಿ ಬರುತ್ತದೆ ಎಂದುಕೊಂಡಿದ್ದೆ. ಅಸಲಿ ಕಾರಣ ಅದಲ್ಲ. ಉರಿಯುವಾಗ ಸಾರಜನಕ ಹೊಗೆಯ ಜೊತೆ ಹೊರಟೇ ಹೋಗುತ್ತದೆ. ಸಿಗುವುದು ಬೆಳಕು. ಹಿಂದಿನ ವರ್ಷದ ಒಣಹುಲ್ಲು ನೆಲದ ಮೇಲೆ ಚಾಪೆಯ ಹಾಗೆ ಮಲಗಿ ಮೊಗ್ಗಿಗೆ ಬಿಸಿಲು ತಾಗದಂತೆ ಮಾಡಿರುತ್ತದೆ. ಅದು ಹೋದರೆ ಕಪ್ಪು ನೆಲ ಬೇಗ ಕಾಯುತ್ತದೆ, ಚಿಗುರು ಬೇಗ ಏಳುತ್ತದೆ. ಸಾರಜನಕ ಕಡಿಮೆಯಾದರೂ ಈ ಜಾತಿಯ ಹುಲ್ಲುಗಳು ಸುಧಾರಿಸಿಕೊಳ್ಳುತ್ತವೆ. ಸೆಪ್ಟೆಂಬರ್ ಹೊತ್ತಿಗೆ ಸುಟ್ಟ ಕಡೆ ತೆನೆಗಳು ನನ್ನ ತಲೆ ಮೀರಿದ್ದವು, ಮೂರು ಕವಲಾಗಿ, ಕೋಳಿ ಕಾಲಿನ ಥರ.

ಸುಡದಿದ್ದರೆ? ಊರ ಪಕ್ಕದಲ್ಲೇ ಕೊನ್ಜಾ ಎಂಬ ಸಂಶೋಧನಾ ಹುಲ್ಲುಗಾವಲಿದೆ, 8,000 ಎಕರೆಗೂ ಮೇಲೆ. ಅದನ್ನು ಹಳ್ಳದ ಜಲಾನಯನ ನೋಡಿ ಭಾಗ ಮಾಡಿ, ಕೆಲವನ್ನು ವರ್ಷಕ್ಕೊಮ್ಮೆ, ಕೆಲವನ್ನು 2 ವರ್ಷಕ್ಕೆ, 4 ವರ್ಷಕ್ಕೆ, 20 ವರ್ಷಕ್ಕೆ ಸುಡುತ್ತ ನಲವತ್ತು ವರ್ಷದಿಂದ ಲೆಕ್ಕ ಇಡುತ್ತಿದ್ದಾರೆ. ಇಲ್ಲಿ ಮಳೆ ಹೆಚ್ಚುಕಡಿಮೆ ಮೈಸೂರಿನಷ್ಟು. ಮರ ಬೆಳೆಯಲು ಅಷ್ಟು ಸಾಕು. ವರ್ಷ ವರ್ಷ ಸುಟ್ಟ ಕಡೆ ಕಣ್ಣು ಹಾಯಿಸಿದಷ್ಟೂ ಹುಲ್ಲು. 20 ವರ್ಷದ ಪಾಲಿನಲ್ಲಿ ಪೊದೆ, ಸೀಡರ್ ಮರ. ಎಳೆ ಸೀಡರ್ ಒಮ್ಮೆ ಸುಟ್ಟರೆ ಸತ್ತೇ ಹೋಯಿತು, ಬುಡದಿಂದ ಮತ್ತೆ ಚಿಗುರಲ್ಲ. ಪೊದೆಗಳು ಹಾಗಲ್ಲ, ಒಮ್ಮೆ ಬೇರೂರಿದರೆ ಆಮೇಲೆ ಬೆಂಕಿಗೂ ಜಗ್ಗಲ್ಲ.

ಇದನ್ನೆಲ್ಲ ನೋಡುವಾಗ ನನಗೆ ನೆನಪಾಗುವುದು ನಮ್ಮೂರು ಯಳಂದೂರು. ಮಹಡಿ ಹತ್ತಿದರೆ ಬಿಳಿಗಿರಿರಂಗನ ಬೆಟ್ಟ ಕಾಣುತ್ತದೆ. ಶಿವರಾತ್ರಿ ಆಚೆ ಈಚೆ ರಾತ್ರಿ ಹೊತ್ತು ಬೆಟ್ಟದಲ್ಲಿ ಕೆಂಪು ಗೆರೆ ಕಂಡರೆ "ಯಾವನೋ ಬೆಂಕಿ ಇಟ್ಟ" ಎಂದು ಎಲ್ಲರೂ ಬಯ್ಯುತ್ತಿದ್ದೆವು. ಬೆಟ್ಟದ ಸೋಲಿಗರು ಹಿಂದೆ ತಾವೇ ಹಚ್ಚುತ್ತಿದ್ದ ತರಗು ಬೆಂಕಿಯ ವಿಚಾರ ನನಗೆ ಗೊತ್ತಾಗಿದ್ದು ಕ್ಯಾನ್ಸಸ್‌ಗೆ ಬಂದ ಮೇಲೆ. ನಾಚಿಕೆಯ ಮಾತು. ಬೇಸಿಗೆ ಬಲಿಯುವ ಮುಂಚೆ, ಜನವರಿ ಸುಮಾರಿಗೆ, ಹುಲ್ಲು ಆಳೆತ್ತರ ಒಣಗಿ ನಿಲ್ಲುವ ಮೊದಲೇ ಹಚ್ಚುತ್ತಿದ್ದ ಸಣ್ಣ ಉರಿ ಅದು. 1974ರಲ್ಲಿ ಅಭಯಾರಣ್ಯವಾಯಿತು, ತರಗು ಬೆಂಕಿ ನಿಂತಿತು. ಆಮೇಲೆ ಲಂಟಾನ ಎಂಬ ಕಳೆಪೊದೆ ಬೆಟ್ಟವೆಲ್ಲ ತುಂಬಿತು, ನೆಲ್ಲಿ ಮರಗಳಿಗೆ ಉಪ್ಪಿಲು (ನಾವು ಬದನಿಕೆ ಎನ್ನುತ್ತೇವಲ್ಲ, ಅದು) ಹತ್ತಿತು ಎನ್ನುತ್ತಾರೆ ಸೋಲಿಗರು. ಎಲ್ಲಕ್ಕೂ ಬೆಂಕಿ ನಿಂತಿದ್ದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಲಂಟಾನ ತುಂಬಿದ ಕಾಡಿಗೆ ಬೇಸಿಗೆ ನಡುವೆ ಬೆಂಕಿ ಬಿದ್ದರೆ ಅದು ತರಗಿನ ಉರಿಯಾಗಿ ಉಳಿಯಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದಿದ್ದನ್ನು ಇಲ್ಲಿ ಕೂತು ಫೋನಿನಲ್ಲಿ ನೋಡಿದ್ದೆ, ಊಟ ಸೇರಿರಲಿಲ್ಲ.

ಫ್ಲಿಂಟ್ ಹಿಲ್ಸ್‌ನಲ್ಲಿ ಬೆಂಕಿಯ ಪಾಠ ಮೊದಲು ಗೊತ್ತಿದ್ದದ್ದು ಕಾ, ಓಸೇಜ್ ಬುಡಕಟ್ಟಿನವರಿಗೆ. ಕ್ಯಾನ್ಸಸ್ ಎಂಬ ಹೆಸರೇ ಕಾ ಜನರದ್ದು. 1873ರಲ್ಲಿ ಅವರನ್ನು ಇಲ್ಲಿಂದ ಎಬ್ಬಿಸಿ ಓಕ್ಲಹೋಮಕ್ಕೆ ಅಟ್ಟಿದರು. ದನದವರು ಬೆಂಕಿಯನ್ನು ಮಾತ್ರ ಇಟ್ಟುಕೊಂಡರು. ನಮ್ಮಲ್ಲಿ ಉಲ್ಟಾ. ಸೋಲಿಗರು ಇದ್ದಾರೆ, 2011ರಲ್ಲಿ ಕಾಡಿನ ಮೇಲೆ ಅವರ ಸಮುದಾಯ ಹಕ್ಕಿಗೂ ಮನ್ನಣೆ ಸಿಕ್ಕಿತು. ಅವರ ಬೆಂಕಿಯನ್ನು ಮಾತ್ರ ಹೊರಗಟ್ಟಿದೆವು.

ಇಲ್ಲಿನವರು ಮಾಡಿದ್ದೆಲ್ಲ ಸರಿ ಎಂದೇನೂ ಅಲ್ಲ. ಎಲ್ಲರೂ ಏಪ್ರಿಲ್‌ನಲ್ಲೇ ಒಟ್ಟಿಗೆ ಹಚ್ಚಿ ಹೊಗೆಯೆಲ್ಲ ಕ್ಯಾನ್ಸಸ್ ಸಿಟಿ, ಲಿಂಕನ್ ನಗರಗಳವರೆಗೂ ಹೋಗಿ ಜನ ಕೆಮ್ಮುತ್ತಾರೆ. ಬೇರೆ ತಿಂಗಳಲ್ಲಿ ಸುಟ್ಟರೂ ಮೇವು ಕಡಿಮೆಯಾಗಲ್ಲ ಎಂದು ಕೊನ್ಜಾದವರು ತೋರಿಸಿದ್ದರೂ ಅಜ್ಜನ ಕಾಲದ ಪದ್ಧತಿ ಬಿಡಲ್ಲ. ಒಂದು ಬುಡವೂ ಬಿಡದ ಹಾಗೆ ವರ್ಷ ವರ್ಷ ಸುಟ್ಟರೆ ಪ್ರೇರಿ ಚಿಕನ್ ಎಂಬ ನೆಲಗೋಳಿಗೆ ಮೊಟ್ಟೆ ಮರೆಮಾಡಲು ಹಳೆ ಹುಲ್ಲೇ ಇರಲ್ಲ. ಈ ಮಾತೆತ್ತಿದರೆ ನನ್ನ ದನದವರು ಟೋಪಿ ಸರಿಮಾಡಿಕೊಂಡು ಹವಾಮಾನದ ವಿಷಯಕ್ಕೆ ಹೋಗಿಬಿಡುತ್ತಾರೆ.

ಬೆಟ್ಟಕ್ಕೆ ಯಾರು ಬೇಕಾದರೂ ಕಡ್ಡಿ ಗೀರಿ ಎಂದು ನಾನು ಹೇಳುತ್ತಿಲ್ಲ. ಅದು ಅಪರಾಧ, ಹಾಗೇ ಇರಲಿ. ನಾನು ಕೇಳುತ್ತಿರುವುದು ಹತ್ತು ಎಕರೆ. ಐದು ಎಕರೆಗೆ ಅರಣ್ಯ ಇಲಾಖೆಯವರು ಪಕ್ಕದಲ್ಲೇ ನಿಂತು ಸೋಲಿಗ ಹಿರಿಯರ ಕೈಯಲ್ಲೇ ಜನವರಿಯಲ್ಲಿ ಬೆಂಕಿ ಇಡಿಸಲಿ, ಪಕ್ಕದ ಐದು ಎಕರೆ ಮುಟ್ಟದೆ ಬಿಡಲಿ. ಮಳೆ ಬಿದ್ದ ಮೇಲೆ ಎರಡೂ ಕಡೆ ಹುಲ್ಲೆಷ್ಟು, ಲಂಟಾನ ಎಷ್ಟು ಎಂದು ಬರೆದಿಡಲಿ. ತರಗು ಬೆಂಕಿ ಹಚ್ಚಿ ಗೊತ್ತಿರುವವರಿಗೆ ಈಗಾಗಲೇ ಅರವತ್ತು ದಾಟಿರುತ್ತದೆ.